ಹುಳುವಿನ ಪಾಲು

ಮರಳುಗಾಡನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಒಂದು ರಜೆಯ ಮೂರು ವಾರಗಳನ್ನು ಅಲ್ಲಿಯೇ ಕಳೆದೆ. ಬಾಯಾರಿದೆ, ಬಿಸಿಲಿಗೆ ಬಸವಳಿದೆ, ನಾಲ್ಕಾರು ಸಲ ಸತ್ತೆ. ನಗುವವರು ನಗಲಿ, ನಮ್ಮ ಮನೆಯಲ್ಲಿಯೂ ನಕ್ಕರು. ತಂಗಿಯ ಮಗ ತನ್ನ ಕಂಪ್ಯೂಟರನ್ನು ನನ್ನ ಮೇಜಿನ ಮೇಲಿಟ್ಟು, “ಮಾವ, ಒಂದು ಗಂಟೆ ಆಡಿ ನೋಡಿ, ಆಮೇಲೆ ಬೈಯಿರಿ” ಎಂದಿದ್ದ. ಬೈಯುವ ಉದ್ದೇಶದಿಂದಲೇ ಕುಳಿತವನು ನಾನು.

ಆಟದ ಹೆಸರು ‘ಡ್ಯೂನ್: ಅವೇಕನಿಂಗ್’. ನಾರ್ವೆಯ ಫನ್‌ಕಾಮ್ ಎಂಬ ಸಂಸ್ಥೆ ಇದನ್ನು 2025ರ ಜೂನ್ ತಿಂಗಳಲ್ಲಿ ಹೊರತಂದಿತು. ಅಮೆರಿಕದ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯ ಅರಾಕಿಸ್ ಗ್ರಹವೇ ಇದರ ರಂಗಭೂಮಿ. ಆ ಕಾದಂಬರಿಯ ಹುಟ್ಟೂ ಸ್ವಾರಸ್ಯವಾದದ್ದು. ಆರೆಗಾನ್ ಪ್ರಾಂತದ ಕಡಲತೀರದಲ್ಲಿ ಸರಿದಾಡುವ ಮರಳದಿಣ್ಣೆಗಳನ್ನು ಹುಲ್ಲು ನೆಟ್ಟು ಕಟ್ಟಿಹಾಕುವ ಸರ್ಕಾರಿ ಪ್ರಯತ್ನವನ್ನು ನೋಡಿ ಲೇಖನವೊಂದನ್ನು ಬರೆಯಬೇಕೆಂದು 1957ರಲ್ಲಿ ಹರ್ಬರ್ಟ್ ಅಲ್ಲಿಗೆ ಹೋಗಿದ್ದರು. ಲೇಖನ ಅಚ್ಚಾಗಲಿಲ್ಲ, ಮರಳು ತಲೆಯಲ್ಲಿ ಉಳಿಯಿತು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಒಲ್ಲೆನೆಂದ ಆ ಕಾದಂಬರಿಯನ್ನು ಕೊನೆಗೆ ಧೈರ್ಯಮಾಡಿ ಅಚ್ಚುಹಾಕಿದವರು, ಮೋಟಾರು ದುರಸ್ತಿಯ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಕಂಪೆನಿಯವರು!

ಆಟದಲ್ಲಿ ಮೊದಲ ಚಿಂತೆ ನೀರಿನದು. ಬಂಡೆಯ ಬದಿಯ ಗಿಡಗಳ ಮೇಲಣ ಇಬ್ಬನಿಯನ್ನು ಹೀರಬೇಕು. ಸ್ವಲ್ಪ ದಿನ ಕಳೆದ ಮೇಲೆ ಕೊಂದ ಶತ್ರುವಿನ ರಕ್ತವನ್ನು ಯಂತ್ರಕ್ಕೆ ಹಾಕಿ, ಶುದ್ಧಿಮಾಡಿ, ಅದನ್ನು ನೀರೆಂದು ಕುಡಿಯಬೇಕು. ನಾನು ಹುಟ್ಟಿದ ಮನೆಯ ಆಚಾರಕ್ಕೆ ಇದು ಹೊಂದುವಂಥದಲ್ಲ. ಆದರೆ ಬಾಯಾರಿಕೆ ಆಚಾರವನ್ನು ಎಷ್ಟು ಬೇಗ ಮರೆಸುತ್ತದೆಂಬುದನ್ನು ಕಂಡು ನನಗೇ ನಾಚಿಕೆಯಾಯಿತು. ಬಂಡೆಯ ಮೇಲಿರುವವರೆಗೆ ಹೇಗೋ ಬದುಕಬಹುದು. ಬಂಡೆ ಮುಗಿದು ಬಯಲು ಮರಳು ಆರಂಭವಾಯಿತೋ, ಅದು ಹುಳುವಿನ ರಾಜ್ಯ. ಹೆಜ್ಜೆಯ ಅದುರು ಮರಳಿನಾಳಕ್ಕೆ ಮುಟ್ಟುತ್ತದೆ. ತೆರೆಯ ಮೇಲಿನ ಗೆರೆಯೊಂದು ನಡುಗತೊಡಗಿ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಆ ಬಳಿಕ ನೆಲವೇ ಬಾಯ್ದೆರೆಯುತ್ತದೆ.

ಸಾವಿಗೂ ಸಾವಿಗೂ ಇಲ್ಲಿ ಭೇದವಿದೆ. ಬಾಯಾರಿ ಸತ್ತರೆ, ಕಳ್ಳರ ಕೈಯಲ್ಲಿ ಸತ್ತರೆ, ಹೊತ್ತ ವಸ್ತುಗಳಲ್ಲಿ ಒಂದು ಭಾಗ ಬಿದ್ದ ಜಾಗದಲ್ಲಿ ಉಳಿದಿರುತ್ತದೆ; ಹೋಗಿ ಎತ್ತಿಕೊಳ್ಳಬಹುದು. ಹುಳು ನುಂಗಿದರೆ ಅದೂ ಇಲ್ಲ. ಉಟ್ಟ ಕವಚ, ಹಿಡಿದ ಆಯುಧ, ಏರಿದ ವಾಹನ, ಎಲ್ಲ ಹೋಯಿತು. ಹುಟ್ಟಿದಾಗ ಇದ್ದಂತೆ ಮತ್ತೆ ಮನೆಯಲ್ಲಿ ಏಳಬೇಕು.

ನನ್ನ ಮನೆ ಇದ್ದದ್ದು ಹಗ್ಗಾ ಬೇಸಿನ್ ಎಂಬ ಪ್ರದೇಶದ ದಕ್ಷಿಣದಲ್ಲಿ. ಅಲ್ಲಿ ತಾಮ್ರ ಸಿಗುತ್ತದೆ. ಕಬ್ಬಿಣ ಬೇಕಾದರೆ ಮರಳನ್ನು ದಾಟಿ ವರ್ಮಿಲಿಯಸ್ ಗ್ಯಾಪ್ ಎಂಬ ಬಂಡೆಗಾಡಿಗೆ ಹೋಗಬೇಕು. ಶನಿವಾರ ಭಾನುವಾರ ಎರಡೂ ದಿನ ಕುಳಿತು, ಬಿಡಿಭಾಗಗಳನ್ನು ಒಂದೊಂದಾಗಿ ಹೊಂದಿಸಿ ಮರಳಿನ ಮೇಲೆ ಓಡುವ ಮೋಟಾರುಸೈಕಲ್ಲೊಂದನ್ನು ಕಟ್ಟಿದೆ. ಹೋಗುವಾಗ ಏನೂ ಆಗಲಿಲ್ಲ. ಕಬ್ಬಿಣದ ಅದಿರನ್ನು ಕಂಡಾಗ ಮಾತ್ರ ನನ್ನೊಳಗಿನ ಮೇಷ್ಟರು ಸತ್ತು ವ್ಯಾಪಾರಿ ಎದ್ದ. ಇಷ್ಟು ದೂರ ಬಂದು ಅರ್ಧ ಚೀಲ ಒಯ್ಯುವುದೇ? ಚೀಲದಲ್ಲಿ ಸ್ಥಳ ಸಾಲದೆ, ಮೀಸಲಾಗಿಟ್ಟಿದ್ದ ಇಂಧನವನ್ನು ತೆಗೆದು ಬಂಡೆಯ ಮೇಲೆ ಬಿಸಾಡಿ, ಆ ಜಾಗಕ್ಕೂ ಅದಿರನ್ನೇ ತುಂಬಿದೆ.

ಗಾಡಿ ನಿಂತದ್ದು ಬಯಲಿನ ನಟ್ಟನಡುವೆ.

“ಮಾವ, ಇಳಿದು ಓಡಿ! ಗಾಡಿ ಹೋದರೆ ಹೋಗಲಿ!” ಎಂದು ಹುಡುಗ ಹಿಂದಿನಿಂದ ಕೂಗಿದ. ನನಗೆ ಬಿಡಲು ಮನಸ್ಸಾಗಲಿಲ್ಲ. ಆಸನದ ಮೇಲೆ ಒಂದೆರಡು ಕ್ಷಣ ಸುಮ್ಮನೆ ಕುಳಿತಿದ್ದೆ. ಆಮೇಲೆ ಓಡಿದೆ. ಎದುರಿನ ಬಂಡೆ ಐವತ್ತು ಹೆಜ್ಜೆಯಷ್ಟು ಇತ್ತೋ ಏನೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ; ನಾನೇ ತುತ್ತಾದೆ.

ಆ ರಾತ್ರಿ ನಿದ್ರೆ ಹತ್ತಲಿಲ್ಲವೆಂದು ಹೇಳಿದರೆ ವಾಚಕರು ನಂಬಬೇಕು. ಹೋದದ್ದೇನು? ಇಲ್ಲದ ಗಾಡಿ, ಇಲ್ಲದ ಕಬ್ಬಿಣ. ಆದರೆ ಅವಕ್ಕೆ ತೆತ್ತ ಎರಡು ದಿನಗಳು ಇದ್ದವು. ನನ್ನ ವಯಸ್ಸಿನವನಿಗೆ ಅವು ಎಣಿಕೆಯ ದಿನಗಳು. ಆಟ ಕಟ್ಟಿದವರು ಬಲು ಜಾಣರು. ಹುಳುವನ್ನು ಮಾತ್ರ ಅವರು ಇಟ್ಟಿದ್ದಾರೆ. ಎಷ್ಟನ್ನು ಪಣಕ್ಕೆ ಒಡ್ಡಬೇಕೆಂಬುದನ್ನು ನಮಗೆ ಬಿಟ್ಟಿದ್ದಾರೆ. ಬಿಸಾಡಿದ ಇಂಧನಕ್ಕೆ ಬೇರಾರನ್ನೂ ಬೈಯುವಂತಿರಲಿಲ್ಲ.

ಮರುದಿನ ಮತ್ತೆ ಕುಳಿತೆ. ಕಲಿತದ್ದು ಹುಳುವಿನ ಹೊಟ್ಟೆಗೆ ಹೋಗಿರಲಿಲ್ಲವಾಗಿ ಎರಡನೆಯ ಗಾಡಿ ಅರ್ಧ ದಿನದಲ್ಲಿ ಸಿದ್ಧವಾಯಿತು. ಈ ಬಾರಿ ಮರಳನ್ನು ನೋಡಿದೆ. ಎಲ್ಲಿ ದಿಣ್ಣೆ ಏರುತ್ತದೆ, ಎಲ್ಲಿ ನಡುಗಡ್ಡೆಯಂಥ ಬಂಡೆಯಿದೆ, ಅಲ್ಲಿಂದ ಮುಂದಿನ ಬಂಡೆಗೆ ಎಷ್ಟು ದೂರ, ಒಂದನ್ನೂ ಮೊದಲ ಸಲ ಕಂಡಿರಲಿಲ್ಲ. ಅರ್ಧ ಚೀಲ ಅದಿರು ಮನೆ ಸೇರಿದಾಗ, ಹೆಂಡತಿಯನ್ನು ಕರೆದು ತೋರಿಸುವಷ್ಟು ಹಿಗ್ಗಿದೆ. “ಒಳ್ಳೆಯದಾಯಿತು, ಊಟಕ್ಕೆ ಏಳಿ” ಎಂದಳು.

ಇದಕ್ಕಿಂತ ದೊಡ್ಡ ಪಣವೂ ಉಂಟು. ಉತ್ತರದ ಆಳ ಮರುಭೂಮಿಯಲ್ಲಿ, ಎಲ್ಲರೂ ಹಂಬಲಿಸುವ ‘ಸ್ಪೈಸ್’ ಎಂಬ ದ್ರವ್ಯ ಹೇರಳವಾಗಿದೆ. ವಾರಕ್ಕೊಮ್ಮೆ ಬಿರುಗಾಳಿ ಬೀಸಿ ಅಲ್ಲಿನ ನೆಲವನ್ನೇ ಬದಲಿಸುತ್ತದೆ, ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ಅಲ್ಲಿ ಹುಳುವಿನ ಜೊತೆಗೆ ಇತರ ಆಟಗಾರರ ಭಯವೂ ಇದೆ. ಸೋದರಳಿಯನ ಬೆನ್ನಿಗೆ ಅಂಟಿಕೊಂಡು ಒಮ್ಮೆ ಹೋದೆ. ಯಾವನೋ ಆಕಾಶದಿಂದ ಸಿಡಿಗುಂಡು ಹಾರಿಸಿ ನಮ್ಮಿಬ್ಬರನ್ನೂ ಕೊಂದು ಕೆಳಗಿಳಿದು ಚೀಲ ಬಾಚಿಕೊಂಡ. ಹುಳು ನುಂಗಿದಾಗ ಬಾರದ ಸಿಟ್ಟು ಅಂದು ಬಂತು. ಹುಳುವಿಗೆ ನನ್ನ ಮೇಲೆ ಹಗೆಯಿಲ್ಲ. ಅದರ ಹಾದಿಯನ್ನು ತುಳಿದವನು ನಾನು. ಇವನಿಗಾದರೋ ಗೆಲ್ಲುವುದಕ್ಕಿಂತ ನನ್ನನ್ನು ಸೋಲಿಸುವುದೇ ಸುಖವಾಗಿತ್ತು. ಹಾಗೆನಿಸಿದವನು ನಾನೊಬ್ಬನೇ ಅಲ್ಲ. ಆಟ ಹೊರಬಂದ ಕೆಲವೇ ವಾರಗಳಲ್ಲಿ ದೂರುಗಳು ಹೆಚ್ಚಿ, ಆಳ ಮರುಭೂಮಿಯ ಒಂದು ಭಾಗದಲ್ಲಿ ಆಟಗಾರರು ಪರಸ್ಪರ ಕೊಲ್ಲದಂತೆ ನಿಯಮವನ್ನು ಬದಲಿಸಬೇಕಾಯಿತು. ಅದರಿಂದ ಆಟದ ಕಾವು ತಗ್ಗಿತೆಂದು ನನ್ನ ಸೋದರಳಿಯನ ವಾದ. ಇರಬಹುದು. ನನಗೆ ಹುಳುವೇ ಸಾಕು.

ರಜೆ ಮುಗಿಯುವ ಹೊತ್ತಿಗೆ ನನಗೂ ರೆಕ್ಕೆ ಬಡಿದು ಹಾರುವ ವಿಮಾನವೊಂದು ಒದಗಿತ್ತು. ಈಗ ಅದೇ ಬಯಲನ್ನು ನಿಮಿಷದಲ್ಲಿ ದಾಟುತ್ತಿದ್ದೆ. ಗೆರೆ ನಡುಗುವುದಿಲ್ಲ, ಎದೆಯೂ ನಡುಗುವುದಿಲ್ಲ. ಚೀಲ ತುಂಬ ತಂದೆ, ಪೆಟ್ಟಿಗೆ ತುಂಬ ತಂದೆ. ಅಂದು ಬಂಗಾರವಾಗಿದ್ದ ಕಬ್ಬಿಣ ಬರಿಯ ಕಬ್ಬಿಣವಾಯಿತು.

ರಜೆಯ ಕೊನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ವಿಮಾನವನ್ನು ಬಂಡೆಯ ಮೇಲೆಯೇ ಬಿಟ್ಟು ಹಳೆಯ ಮೋಟಾರುಸೈಕಲ್ಲನ್ನು ತೆಗೆದೆ. ನೀರು ಕುಡಿಯಲು ಎದ್ದುಬಂದ ಹುಡುಗ ಬಾಗಿಲಲ್ಲಿ ನಿಂತು, “ವಿಮಾನ ಇದೆಯಲ್ಲ ಮಾವ, ಮತ್ತೆ ಇದೇಕೆ?” ಎಂದ. ಉತ್ತರ ಕೊಡಲು ನನಗೆ ಪುರಸೊತ್ತಿರಲಿಲ್ಲ. ಬಯಲಿನ ನಡುವೆ ಬಂದಿದ್ದೆ. ಗೆರೆ ಹಳದಿಗೆ ತಿರುಗಿತ್ತು.