ತಪ್ಪುಕಾಣಿಕೆ ಯಾರಿಗೆ ಸಲ್ಲಬೇಕು?

ಗುಬ್ಬಿ ಕಡೆಯ ತೋಟಗಳಲ್ಲಿ ತೆಂಗಿನಕಾಯಿ ಕಳುವಾಗುವುದು ಹೊಸದೇನಲ್ಲ. ಸಿಕ್ಕಿಬಿದ್ದವನಿಗೆ ನಾಲ್ಕು ಬಿಗಿದು, ದೇವರಿಗೆ ತಪ್ಪುಕಾಣಿಕೆ ಕಟ್ಟಿಸಿ ಊರವರೇ ಮುಗಿಸುತ್ತಿದ್ದ ಕಾಲವೊಂದಿತ್ತು. ಹಣ ಹುಂಡಿಗೆ ಬಿತ್ತು, ಸರಿ. ಕಾಯಿ ಕಳೆದುಕೊಂಡವನಿಗೆ ಸಿಕ್ಕಿದ್ದೇನು? ಠಾಣೆ, ಕೋರ್ಟು ಬಂದ ಮೇಲೂ ಅವನ ಪಾಡು ಅಷ್ಟೇ: ದಂಡ ಖಜಾನೆಗೆ, ಕಳ್ಳ ಜೈಲಿಗೆ, ತೋಟದವನು ಸಾಕ್ಷಿ ಹೇಳಲು ಅಲೆದಾಟಕ್ಕೆ.

ಅಪರಾಧ ಮತ್ತು ನ್ಯಾಯವನ್ನು ಕ್ರೈಸ್ತ ನೋಟದಿಂದ ಓದುವವರು ಹಿಡಿಯುವುದು ಈ ಎಳೆಯನ್ನೇ. ಬೈಬಲಿನ ಸುಂಕದ ಜಕ್ಕಾಯ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ತೀರಿಸುತ್ತೇನೆ ಎಂದದ್ದು ದೇವಾಲಯಕ್ಕಲ್ಲ, ಕಳೆದುಕೊಂಡವರಿಗೆ.

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಲ್ಲಿ ಇಬ್ಬರು ಹುಡುಗರು ಕುಡಿದ ಅಮಲಿನಲ್ಲಿ 22 ಕಡೆ ಆಸ್ತಿ ಹಾಳುಮಾಡಿದರು. ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿ, ನ್ಯಾಯಾಧೀಶರ ಒಪ್ಪಿಗೆ ಪಡೆದು, ಅವರನ್ನು ಮನೆಮನೆಗೂ ಕರೆದೊಯ್ದು ನಷ್ಟ ಕಟ್ಟಿಕೊಡಲು ಹಚ್ಚಿದರು. ಕದ ತಟ್ಟಿ ‘ನಾನೇ ಮಾಡಿದ್ದು’ ಎನ್ನುವುದು ಜೈಲಿಗಿಂತ ಕಷ್ಟದ ಶಿಕ್ಷೆ ಎಂದೇ ನನಗನಿಸುತ್ತದೆ. ಅದೇ ಪಂಗಡದ ಹೊವಾರ್ಡ್ ಝೆರ್ 1990ರಲ್ಲಿ ಈ ವಿಚಾರವನ್ನು ಪುಸ್ತಕವಾಗಿಸಿದರು. ಮುಂದೆ ಅಮೆರಿಕದ ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡಿದರು.

ನಮ್ಮ ರಾಜ್ಯದಲ್ಲಿ ಇಂಥ ಪಾಠಕ್ಕೆ ಹತ್ತಿರದ್ದು ಮಂಗಳೂರಿನ ರೋಶನಿ ನಿಲಯ. 1960ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಕಟ್ಟಿದ ಈ ಸಮಾಜಕಾರ್ಯ ಕಾಲೇಜಿನಲ್ಲಿ ಅಪರಾಧಶಾಸ್ತ್ರವನ್ನೂ ಕಲಿಸುತ್ತಾರೆ. ಧರ್ಮದ ನೋಟ ಎಂದೊಡನೆ ಅನುಮಾನ ಮೂಡುವುದೂ ಸಹಜವೇ. ಚಿಲ್ಲರೆ ಕಳ್ಳರನ್ನು ನೇಣಿಗೇರಿಸಿದ್ದ ಇಂಗ್ಲೆಂಡಿನವರ ಕೈಯಲ್ಲೂ ಬೈಬಲ್ಲೇ ಇತ್ತು. ಅದನ್ನು ಮುಚ್ಚಿಟ್ಟು ಮಾಡುವ ಪಾಠ ಪಾಠವಲ್ಲ, ಉಪದೇಶ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಯಾವ ಧರ್ಮದ ಹೆಸರೂ ಎತ್ತದೆ, ಕಳೆದುಕೊಂಡವನ ನಷ್ಟ ತುಂಬಿಸುವ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಮೊದಲ ಸಲ ತಪ್ಪಿತಸ್ಥನಾದವನು ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಸಣ್ಣಪುಟ್ಟ ತೆಂಗಿನಕಾಯಿ ಕಳವು ಈ ಲೆಕ್ಕದೊಳಗೇ ಬರುತ್ತದೆ.

ಕುಣಿಗಲ್ಲಿನಿಂದ ಬಸ್ಸು ಹತ್ತಿ ತುಮಕೂರಿಗೆ ಕಾನೂನು ಓದಲು ಬರುವ ಮಕ್ಕಳಿಗೊಂದು ಮಾತು: ಕೋರ್ಟು ನೋಡಲು ಹೋದಾಗ ಕಟಕಟೆಯಲ್ಲಿ ನಿಂತವನನ್ನಷ್ಟೇ ನೋಡಿ ಬರಬೇಡಿ. ಹೊರಗೆ ಮರದಡಿ ಚೀಲ ಹಿಡಿದು ಕೂತ ಫಿರ್ಯಾದಿಯನ್ನೂ ಮಾತಾಡಿಸಿ, ಅವನಿಗೇನು ಬೇಕಿತ್ತೆಂದು ಕೇಳಿ.