ಕೇದಾರಕ್ಕೆ ಹೊರಡುವ ಮುನ್ನ

ಕೇದಾರನಾಥ ದೇವಾಲಯದ ಬಾಗಿಲು ತೆರೆಯುವ ದಿನವನ್ನು ಪ್ರತಿವರ್ಷ ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಪ್ರಕಟಿಸುತ್ತಾರೆ. ವೀರಶೈವ ಪಂಚಪೀಠಗಳಲ್ಲೊಂದಾದ ಆ ಕ್ಷೇತ್ರಕ್ಕೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಿಂದ ಹೊರಡುವ ಸದ್ಭಕ್ತರು ಅಂದಿನಿಂದಲೇ ಸಿದ್ಧತೆ ತೊಡಗಿದರೆ ಎರಡು ತಿಂಗಳಿಗೂ ಹೆಚ್ಚು ಕಾಲಾವಕಾಶ ದೊರೆಯುತ್ತದೆ.

‘ಸಾವನದುರ್ಗವನ್ನೇ ಹತ್ತಿದವರಿಗೆ ಕೇದಾರವೇನು ಮಹಾ’ ಎಂದುಕೊಳ್ಳುವವರುಂಟು. ಸಾವನದುರ್ಗದ ನೆತ್ತಿಯ ಎತ್ತರ 1,226 ಮೀಟರ್. ಕೇದಾರದ್ದು 3,583 ಮೀಟರ್. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರ್ ನಡೆಯುವುದರೊಳಗೆ 1,600 ಮೀಟರ್ ಮೇಲೇರಿರುತ್ತೇವೆ. ಅಲ್ಲಿ ಗಾಳಿಯ ಒತ್ತಡ ಕುಗ್ಗಿ, ಒಂದೊಂದು ಉಸಿರಿಗೂ ದಕ್ಕುವ ಆಮ್ಲಜನಕ ಕಡಲತೀರದಲ್ಲಿ ದಕ್ಕುವುದಕ್ಕಿಂತ ಮೂರರಲ್ಲೊಂದು ಪಾಲಿನಷ್ಟು ಕಡಿಮೆಯಾಗುತ್ತದೆ. ನಮ್ಮ ಬೆಟ್ಟಗಳು ಕಾಲಿಗೆ ಬಲ ಕೊಡುತ್ತವೆ. ಆ ತೆಳುಗಾಳಿಗೆ ಒಗ್ಗಿಸಲಾರವು. ದಿನವೂ ವ್ಯಾಯಾಮ ಮಾಡುವ ತರುಣನೂ ಅವಸರದಲ್ಲಿ ಏರಿದರೆ ತಲೆನೋವು, ವಾಕರಿಕೆಗಳಿಂದ ನರಳಬಹುದು. ಹೆಲಿಕಾಪ್ಟರಿನಲ್ಲಿ ಹೋಗುವವರ ದೇಹಕ್ಕಂತೂ ಹೊಂದಿಕೊಳ್ಳಲು ಸಮಯವೇ ಸಿಗದು. ಆದ್ದರಿಂದ ಗುಪ್ತಕಾಶಿ ಅಥವಾ ಊಖೀಮಠದಲ್ಲಿ ಒಂದು ರಾತ್ರಿ, ಗೌರೀಕುಂಡದ ಆಸುಪಾಸಿನಲ್ಲಿ ಇನ್ನೊಂದು ರಾತ್ರಿ ತಂಗಿ, ಬಳಿಕ ನಿಧಾನವಾಗಿ ಏರುವುದು ಲೇಸು.

ಪಾದರಕ್ಷೆಯ ವಿಷಯದಲ್ಲಿ ಜಿಪುಣತನ ಬೇಡ. ಹಿಮ್ಮಡಿಗಂಟನ್ನು ಮುಚ್ಚುವ, ಅಡಿ ಜಾರದ ಬೂಟನ್ನು ದಪ್ಪ ಕಾಲುಚೀಲ ತೊಟ್ಟು, ಸಂಜೆಯ ಹೊತ್ತು ಪಾದ ತುಸು ಊದಿರುವಾಗ ಅಳತೆ ನೋಡಿ ಕೊಳ್ಳಬೇಕು. ಅದನ್ನು ತೊಟ್ಟು ರಾಮದೇವರ ಬೆಟ್ಟದ ಮೆಟ್ಟಿಲುಗಳನ್ನು ವಾರಕ್ಕೆರಡು ಬಾರಿ ಹತ್ತಿಳಿಯಿರಿ. ಬೂಟಿನ ಕೊರತೆ ಬಯಲಾಗುವುದು ಇಳಿಯುವಾಗ: ಬೆರಳ ತುದಿ ಮುಂದಕ್ಕೆ ತಾಗುತ್ತಿದ್ದರೆ ಅಳತೆ ಚಿಕ್ಕದು. ಹೊಸ ಬೂಟನ್ನು ಯಾತ್ರೆಯ ದಿನವೇ ತೊಟ್ಟವರ ಪಾದದಲ್ಲಿ ಬೊಬ್ಬೆ ಏಳದಿರದು. ಮೊಣಕಾಲು ನೋವಿರುವವರಿಗೆ ಊರುಗೋಲು ಇಳಿಜಾರಿನಲ್ಲಿ ದೊಡ್ಡ ಆಸರೆ.

ಹತ್ತಿಯ ಬನಿಯನ್ನು ಬೆವರಿನಿಂದಲೋ ಮಳೆಯಿಂದಲೋ ನೆನೆದರೆ ಬೇಗ ಒಣಗದೆ ಮೈಯ ಕಾವನ್ನು ಹೀರಿಬಿಡುತ್ತದೆ. ಒಳಗೆ ತೆಳು ಉಣ್ಣೆಯ ಅಂಗಿ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿಮಳೆ ತಡೆಯುವ ಕೋಟು ಇರಲಿ. (ರೇಷ್ಮೆಯ ಒಳಅಂಗಿಯೂ ಬೆಚ್ಚಗಿರುತ್ತದೆಂದು ರಾಮನಗರದವರಿಗೆ ಹೇಳಬೇಕಿಲ್ಲ!) ಬೆನ್ನಚೀಲದ ಭಾರ ಐದಾರು ಕಿಲೋ ಮೀರದಿರಲಿ.

ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಉಬ್ಬಸವುಳ್ಳವರು ಹೊರಡುವ ತಿಂಗಳ ಮೊದಲೇ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು; ಅದನ್ನು ಕೋಟಿನ ಒಳಜೇಬಿನಲ್ಲಿಡಿ. ಎತ್ತರದ ಬೇನೆಗೆ ಮಾತ್ರೆಗಳುಂಟು, ಆದರೆ ಕೇಳಿದವರಿಗೆಲ್ಲ ಹಂಚುವಂಥವಲ್ಲ. ಉಪವಾಸದಲ್ಲಿ ಏರಬಾರದು. ಇಷ್ಟಲಿಂಗ ಪೂಜೆಗೆ ಮೀಯಲು ಅಲ್ಲಿ ಬಿಸಿನೀರನ್ನೇ ಬಳಸಿ. ಮಂಜಿನ ನೀರು ವೃದ್ಧರ ಹೃದಯಕ್ಕೆ ಅಪಾಯ.

ತಲೆನೋವು, ವಾಕರಿಕೆ ಕಂಡಲ್ಲಿ ಏರುವುದನ್ನು ನಿಲ್ಲಿಸಬೇಕು. ಕುಳಿತಾಗಲೂ ಏದುಸಿರು, ನೊರೆಗಫ, ತೂರಾಡುವ ನಡಿಗೆ, ತೊದಲುಮಾತು ಕಾಣಿಸಿದರೆ ಗುಡಿ ಕಣ್ಣಿಗೆ ಕಾಣುತ್ತಿದ್ದರೂ, ನಡುರಾತ್ರಿಯಾಗಿದ್ದರೂ ರೋಗಿಯನ್ನು ತಡಮಾಡದೆ ಕೆಳಗಿಳಿಸಬೇಕು. ಆಮ್ಲಜನಕ ಸಿಕ್ಕರೆ ಕೊಡುತ್ತಲೇ ಇಳಿಸಬೇಕು. ಜೊತೆಗೆ ಯಾರು ಇಳಿಯುವವರೆಂಬುದನ್ನು ಊರು ಬಿಡುವ ಮುನ್ನವೇ ಗುಂಪಿನಲ್ಲಿ ಗೊತ್ತುಮಾಡಿಕೊಂಡಿರಿ.