ಬಂಗಾರ ಹಿಡಿಯುವ ಸುಳಿ

ರಾಯಬಾಗ ಕಡೆಯ ತರುಣ ಓದುಗರೊಬ್ಬರು ಕೇಳಿದ್ದಾರೆ: ‘ಕೃಷ್ಣಾ ಹೊಳೆಯ ಉಸುಕಿನಲ್ಲಿ ಬಂಗಾರದ ಪುಡಿ ಇರುತ್ತದಂತೆ. ಅದನ್ನು ತೊಳೆದು ತೆಗೆಯುವ ಸ್ಲೂಯಿಸ್ ಬಾಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ಯಾವುದನ್ನು ತರಿಸಲಿ?’

ಮೊದಲು ಹೊಳೆಯ ಮಾತು. ಮಹಾಬಳೇಶ್ವರದಿಂದ ಕಾಗವಾಡ, ಅಥಣಿಯವರೆಗೂ ಕೃಷ್ಣೆ ಹರಿದು ಬರುವುದು ಲಾವಾ ಆರಿ ಹುಟ್ಟಿದ ಕರಿಕಲ್ಲಿನ ನಾಡಿನಲ್ಲಿ. ನಿಪ್ಪಾಣಿ, ಚಿಕ್ಕೋಡಿ ಸೀಮೆಯ ವೇದಗಂಗಾ, ದೂಧಗಂಗಾ ಕೂಡ ಬಹುಮಟ್ಟಿಗೆ ಅದೇ ಕಲ್ಲನ್ನು ಸವೆಸಿಕೊಂಡು ಬರುತ್ತವೆ. ಆ ಕಲ್ಲು ನಮಗೆ ಎರೆಮಣ್ಣು ಕೊಟ್ಟಿತು, ಬಂಗಾರ ಕೊಡಲಿಲ್ಲ. ದಂಡೆಯಲ್ಲಿ ಬಿಸಿಲಿಗೆ ಮಿನುಗುವುದು ಸ್ಫಟಿಕದ, ಜಿಯೊಲೈಟಿನ ಚೂರು. ಹಳ್ಳದ ಬಂಗಾರ ನೋಡಬೇಕೆಂದರೆ ಗದಗದ ಕಪ್ಪತಗುಡ್ಡಕ್ಕೆ ಹೋಗಬೇಕು. ಡೋಣಿ, ಸೊರಟೂರು ಸುತ್ತಲಿನ ಹಳ್ಳಗಳಲ್ಲಿ ಜಾಲಗಾರರು ಮಣ್ಣು ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಸೀಮೆಯ ಬಂಗಾರದ ಕಲ್ಲುಗಳ ಬಗ್ಗೆ ವರದಿ ಬರೆದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಈಗ ಅಲ್ಲಿ ಗುದ್ದಲಿ ಹಾಕುವಂತಿಲ್ಲ, ಹಾಕಲೂಬಾರದು.

ಆದರೂ ಈ ಬಾಕ್ಸ್ ಇದೆಯಲ್ಲ, ಅದರ ಜಾಣತನ ತಿಳಿಯದೆ ಬಿಡುವುದು ಅನ್ಯಾಯ. ನೋಡಲು ಎರಡೂ ತುದಿ ತೆರೆದ ಇಳಿಜಾರು ತೊಟ್ಟಿ, ತಳದಲ್ಲಿ ಹಾಸು, ಅದರ ಮೇಲೆ ಅಡ್ಡಪಟ್ಟಿ. ಅದರ ಬಲವೆಲ್ಲ ನೀರಿನಲ್ಲಿದೆ. ನೀರಿನ ಸಾಂದ್ರತೆ ಒಂದು ಎಂದಿಟ್ಟುಕೊಂಡರೆ ಬಂಗಾರದ್ದು 19.3, ಬೆಣಚು ಉಸುಕಿನದು 2.65. ಎಂದರೆ ಗಾಳಿಯಲ್ಲಿ ಬಂಗಾರದ ಕಣ ಅಷ್ಟೇ ಗಾತ್ರದ ಉಸುಕಿಗಿಂತ ಸುಮಾರು ಏಳು ಪಟ್ಟು ಭಾರ. ಎರಡನ್ನೂ ನೀರಿನಲ್ಲಿ ಮುಳುಗಿಸಿ. ನೀರು ಎರಡರಿಂದಲೂ ಒಂದೊಂದು ಕಳೆಯುತ್ತದೆ, ಉಳಿದದ್ದು 18.3 ಮತ್ತು 1.65. ವ್ಯತ್ಯಾಸ ಹನ್ನೊಂದು ಪಟ್ಟಾಯಿತು! ಮೊರದಲ್ಲಿ ಕೇರುವಾಗ ಗಾಳಿ ಹೊಟ್ಟನ್ನು ಒಯ್ದು ಕಾಳನ್ನು ಬಿಡುವಂತೆ ಇಲ್ಲಿ ಹರಿವು ಉಸುಕನ್ನು ಒಯ್ಯುತ್ತದೆ.

‘ಬಾಕ್ಸ್ ಉದ್ದವಾಗಿರಲಿ, ನೀರು ಜೋರಾಗಿರಲಿ’ ಎಂಬ ನಂಬಿಕೆ ಎಲ್ಲೆಡೆ ಇದೆ. ಸಣ್ಣ ಬಂಗಾರ ಕೈತಪ್ಪುವುದು ಬಹಳ ಸಲ ಇದರಿಂದಲೇ. ಪಟ್ಟಿಯ ಹಿಂದೆ ನೀರು ಸುಳಿಯಾಗಿ ತಿರುಗುತ್ತದೆ. ಆ ಸುಳಿಯಲ್ಲಿ ಕಬ್ಬಿಣದ ಅಂಶವಿರುವ ಕರಿ ಉಸುಕು ಸೇರಿಕೊಳ್ಳುತ್ತದೆ. ಬಗ್ಗಿ ಅದನ್ನೇ ನೋಡುತ್ತಿರಬೇಕು. ಕರಿ ಉಸುಕು ಸಡಿಲವಾಗಿ ಕುಣಿಯುತ್ತಿದ್ದರೆ ಬಂಗಾರ ಅದರೊಳಗೆ ನುಸುಳಿ ತಳ ಸೇರುತ್ತದೆ. ನೀರು ಮಂದವಾದರೆ ಉಸುಕು ಗಟ್ಟಿಯಾಗಿ ಕೂತುಬಿಡುತ್ತದೆ, ಬಂಗಾರದ ರೇಕು ಅದರ ಮೇಲೇ ಜಾರಿ ಹೋಗುತ್ತದೆ. ಜೋರಾದರೆ ಸುಳಿ ತಳವನ್ನೇ ಗುಡಿಸಿ ಒಯ್ಯುತ್ತದೆ.

ಇದನ್ನು ಕಣ್ಣಿಗೆ ಕಾಣಿಸಿದವರು ಕೆನಡಾದ ಯೂಕಾನ್‌ನ ಎಂಜಿನಿಯರ್ ರ್‍ಯಾಂಡಿ ಕ್ಲಾರ್ಕ್‌ಸನ್. 1990ರ ಸುಮಾರಿಗೆ ಅವರು ಬಂಗಾರದ ಕಣಗಳನ್ನು ವಿಕಿರಣಶೀಲಗೊಳಿಸಿ, ಗಣಿಯ ಮಣ್ಣಿನಲ್ಲಿ ಬೆರೆಸಿ, ಬಾಕ್ಸಿನಲ್ಲಿ ಹರಿಯಬಿಟ್ಟರು. ಆಮೇಲೆ ವಿಕಿರಣ ಅಳೆಯುವ ಯಂತ್ರ ಹಿಡಿದು ಯಾವ ಕಣ ಎಲ್ಲಿ ಕೂತಿದೆ ಎಂದು ಹುಡುಕಿದರು. ಎಂಥ ಚೆಂದದ ಪ್ರಯೋಗ! ಸಿಕ್ಕ ಬಂಗಾರದಲ್ಲಿ ಹೆಚ್ಚಿನದು ಬಾಕ್ಸಿನ ಮೊದಲ ಕೆಲವು ಅಡಿಗಳಲ್ಲೇ ಕೂತಿತ್ತು.

ಇನ್ನು, ಬಾಕ್ಸಿಗೂ ಕಾಯದೆ ಅಂಜನ ಹಾಕಿಸಿ, ನಿಂಬೆಹಣ್ಣು ಕೊಯ್ದು ಹೊಳೆದಂಡೆ, ಹಾಳು ಗುಡಿ ಅಗೆಯುವವರೂ ಇದ್ದಾರೆ. ಮಂತ್ರಕ್ಕೆ ಬಂಗಾರದ ತೂಕ ಗೊತ್ತಿಲ್ಲ. ನಿಧಿ ಆಸೆಗೆ ವಾಮಾಚಾರ ಮಾಡುವುದು ಕರ್ನಾಟಕದ 2017ರ ಕಾಯ್ದೆಯಡಿ ಅಪರಾಧ. ಹೆಂಡತಿಯ ತಾಳಿ ಒತ್ತೆಯಿಟ್ಟು ಇಂಥವರ ಕೈಗೆ ದುಡ್ಡು ಕೊಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಭಾಗದಲ್ಲಿ ಬಾಕ್ಸಿಗೆ ಕೆಲಸವಿರುವುದು ಪತ್ತಾರರ ಅಂಗಡಿಯ ಕಸದಲ್ಲಿ. ಅರ ಹಾಕಿದಾಗ ಉದುರಿದ ಪುಡಿ ನೆಲದ ದೂಳಿನಲ್ಲಿ, ಮೋರಿಯ ಕೆಸರಿನಲ್ಲಿ ನಿಜವಾಗಿಯೂ ಇರುತ್ತದೆ. ನಿಪ್ಪಾಣಿಯಿಂದ ಗಡಿ ದಾಟಿದರೆ ಸಿಗುವ ಹುಪರಿ ಬೆಳ್ಳಿ ಕೆಲಸದ ಊರು. ಬೆಳ್ಳಿಯ ಸಾಂದ್ರತೆ 10.5, ಅದಕ್ಕೂ ಇದೇ ಉಪಾಯ ನಡೆಯುತ್ತದೆ. ಇದಕ್ಕಾಗಿ ಕೊಳ್ಳುವುದಾದರೆ ಗೇಣಗಲದ ಚಿಕ್ಕ ಬಾಕ್ಸ್ ಸಾಕು. ಎತ್ತರದ ಪಟ್ಟಿ ಬೇಡ, ಸಣ್ಣ ಗೀರುಗಳಿರುವ ರಬ್ಬರ್ ಹಾಸು ಇರಲಿ. ಒಂದಡಿ ಉದ್ದಕ್ಕೆ ಒಂದಂಗುಲದೊಳಗಿನ ಇಳಿಜಾರು ಕೊಡಿ. ಕಸವನ್ನು ಮೊದಲು ಸಣ್ಣ ಜರಡಿ ಹಿಡಿಯಿರಿ, ಇಲ್ಲದಿದ್ದರೆ ದೊಡ್ಡ ಹರಳು ಸಣ್ಣ ರೇಕಿನ ಜತೆಗೇ ಕೂರುತ್ತದೆ. ತೆಳು ರೇಕಿಗೆ ಜಿಡ್ಡು ಹತ್ತಿದ್ದರೆ ಅದು ತೇಲಿಕೊಂಡು ಹೋಗುತ್ತದೆ, ಅದಕ್ಕೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಪಾದರಸ ಹಚ್ಚಿ ಒಲೆಯ ಮೇಲೆ ಕಾಯಿಸುವ ಗೋಜಿಗೆ ಮಾತ್ರ ಹೋಗಬೇಡಿ, ಅದರ ಹೊಗೆ ನರಗಳಿಗೂ ಮೂತ್ರಪಿಂಡಕ್ಕೂ ವಿಷ.